ಕತ್ತಿನ ಎರಡು ಕಾಳು

ಸೋಮವಾರ ಮೊದಲ ಪೀರಿಯಡ್‌ನಲ್ಲಿ ಟೀಚರ್ ಚೂಟಿಯನ್ನು ಎರಡನೇ ಬೆಂಚಿನಿಂದ ಎಬ್ಬಿಸಿ, ಕೊನೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದರು. ಅವಳ ಕತ್ತಿನಲ್ಲಿ ಅಕ್ಕಿಕಾಳಿನಷ್ಟು ದಪ್ಪದ ಎರಡು ಚರ್ಮದ ಕಾಳುಗಳಿದ್ದವು.

"ನರೂಲಿ ಅಂಟುತ್ತೆ. ತೆಗೆಸ್ಕೊಂಡು ಬಾ, ಆಮೇಲೆ ಮುಂದೆ ಕೂತ್ಕೋ."

ಗುರುವಾರ ಚೂಟಿ ಅಜ್ಜಿಯ ಜೊತೆ ಡಾಕ್ಟರ ರೂಮಿನಲ್ಲಿದ್ದಳು. ಉಕ್ಕಿನ ಫ್ಲಾಸ್ಕಿನ ಬಾಯಿಂದ ಬಿಳಿ ಹೊಗೆ ಕೆಳಗಿಳಿಯುತ್ತಿತ್ತು. ಚೂಟಿ ಅಜ್ಜಿಯ ಸೆರಗಿನ ಹಿಂದೆ ಸರಿದಳು.

"ಅದು ಸುಡುತ್ತಾ?"

"ಸುಡಲ್ಲ, ಕೊರೆಯುತ್ತೆ. ಇದು ದ್ರವ ನೈಟ್ರೋಜನ್, ಇದರ ಮುಂದೆ ಐಸ್ ಅನ್ನೋದು ಬಿಸಿನೀರು," ಎಂದರು ಡಾಕ್ಟರಮ್ಮ. "ಮುಟ್ಟಿಸಿದರೆ ಕಾಳು ಹೆಪ್ಪುಗಟ್ಟುತ್ತೆ. ಕಪ್ಪಾಗಿ, ಹತ್ತು ದಿನಕ್ಕೆ ತಾನೇ ಉದುರುತ್ತೆ."

ಇನ್ನೂ ಹತ್ತು ದಿನ ಕೊನೆಯ ಬೆಂಚು. ಚೂಟಿ ಮನಸ್ಸಲ್ಲೇ ಲೆಕ್ಕ ಹಾಕಿದಳು.

ಡಾಕ್ಟರಮ್ಮ ಲೆನ್ಸ್ ಹಿಡಿದು ನೋಡಿದರು. "ಇದು ನರೂಲಿ ಅಲ್ವೇ ಅಲ್ಲ. ಚರ್ಮ ಸುಮ್ನೆ ಒಂಚೂರು ಹೆಚ್ಚು ಬೆಳೆದಿದೆ. ಯಾರಿಗೂ ಅಂಟಲ್ಲ. ಮನೇಲಿ ಯಾರಿಗಾದ್ರೂ ಇದೆಯಾ?"

ಅಜ್ಜಿ ಕತ್ತು ಚಾಚಿದರು. ಏಳು ಕಾಳು. "ನನ್ನ ಆಸ್ತಿ ಇಷ್ಟೇ. ಅದರಲ್ಲೂ ಪಾಲು ತಗೊಂಡಿದಾಳೆ ನೋಡಿ."

ಎಡಗಡೆಯ ಕಾಳು ಸ್ಕೂಲ್‌ಬ್ಯಾಗಿನ ಪಟ್ಟಿಗೆ ಉಜ್ಜಿ ಎರಡು ಸಲ ರಕ್ತ ಬಂದಿತ್ತು. ಡಾಕ್ಟರಮ್ಮ ಹತ್ತಿ ಸುತ್ತಿದ ಕಡ್ಡಿಯನ್ನು ಫ್ಲಾಸ್ಕಿನಲ್ಲಿ ಅದ್ದಿ ಆ ಕಾಳಿಗೆ ಒತ್ತಿದರು. ಇರುವೆ ಕಚ್ಚಿದಂತೆ, ಬಿಡದೆ ಕಚ್ಚಿದಂತೆ. ಚೂಟಿ ಅಜ್ಜಿಯ ಹೆಬ್ಬೆರಳು ಹಿಡಿದು ಹತ್ತರವರೆಗೆ ಎಣಿಸಿದಳು. ಕಾಳು ಬೆಳ್ಳಗಾಯಿತು.

"ಬಲಗಡೇದು ನೋಯುತ್ತಾ?"

"ಇಲ್ಲ."

"ಅದನ್ನೂ ತೆಗೆದುಬಿಡಿ ಡಾಕ್ಟ್ರೇ," ಎಂದರು ಅಜ್ಜಿ. "ಆ ಟೀಚರ್ ಹತ್ರ ಮತ್ತೆ ಮಾತು ಕೇಳೋದ್ಯಾಕೆ? ಕತ್ತು ಬಗ್ಗಿಸು ಪುಟ್ಟಾ."

ಚೂಟಿ ಅಜ್ಜಿಯ ಕತ್ತನ್ನೇ ನೋಡಿದಳು. ಚಿಕ್ಕವಳಿದ್ದಾಗ ಅದರಲ್ಲೊಂದು ಕಾಳನ್ನು ಬೆರಳಲ್ಲಿ ಹೊರಳಿಸದಿದ್ದರೆ ಅವಳಿಗೆ ನಿದ್ದೆಯೇ ಬರುತ್ತಿರಲಿಲ್ಲ.

"ಇದು ಇರ್ಲಿ ಅಜ್ಜಿ. ಡಾಕ್ಟ್ರೇ, ಅಂಟಲ್ಲ ಅಂತ ಒಂದು ಚೀಟಿ ಬರ್ಕೊಡ್ತೀರಾ?"

ಶುಕ್ರವಾರ ಚೂಟಿ ಚೀಟಿಯನ್ನು ಟೀಚರ ಮೇಜಿನ ಮೇಲಿಟ್ಟು, ಎರಡನೇ ಬೆಂಚಿಗೆ ಹೋದಳು. ಆ ಬೆಂಚಿನ ಗೆಳತಿ ಬ್ಯಾಗು ಎತ್ತಿ ಜಾಗ ಬಿಟ್ಟಳು; ಚೂಟಿ ಕೂತಳು.

ಟೀಚರ್ ಚೀಟಿ ಬಿಡಿಸಲಿಲ್ಲ. "ಎರಡೂ ಹಾಗೇ ಇದೆಯಲ್ಲ. ಹಿಂದಕ್ಕೆ ಹೋಗು."

ಚೂಟಿ ಎರಡೂ ಕೈಗಳಿಂದ ಬೆಂಚಿನ ಅಂಚು ಹಿಡಿದುಕೊಂಡಳು.

"ಮೊದ್ಲು ಚೀಟಿ ಓದಿ ಟೀಚರ್," ಎಂದಳು. ಏಳಲಿಲ್ಲ.