ಕೈಕಾಲು ತೊಳೆದು ಬಂದ ಕಳ್ಳಿ

ಬೆಳಗಿನ ಎಂಟು ಗಂಟೆ. ಸಭಾಂಗಣಕ್ಕೆ ಕಾಲಿಟ್ಟ ಪ್ರಿನ್ಸಿಪಾಲ್ ಸಿಸ್ಟರ್ ಬಾಗಿಲಲ್ಲೇ ನಿಂತುಬಿಟ್ಟರು. ವೇದಿಕೆಯ ಮೇಜು ಬರಿದಾಗಿತ್ತು. ಫೋಟೋ ಇರಲಿಲ್ಲ.

ಚನ್ನಪಟ್ಟಣದ ಆ ಕ್ರೈಸ್ತ ಕಾಲೇಜಿನಲ್ಲಿ ಅಂದು ಸೇವಾ ದಿನ. ಹದಿನೆಂಟು ವರ್ಷದಿಂದ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಶಿವಲಿಂಗಮ್ಮನಿಗೆ ಸನ್ಮಾನವಿತ್ತು. ಕಳುವಾದದ್ದು ಅವಳದೇ ಫೋಟೋ. ಅದರ ಕೆಳಗೆ ಅವಳ ಹೆಸರು, ಊರು ಹೊಂಗನೂರು, ಮಗಳು ಸೌಮ್ಯ ಇಲ್ಲೇ ಬಿ.ಕಾಂ. ಓದುತ್ತಿದ್ದಾಳೆ ಎಂಬ ಸಾಲು ಅಚ್ಚಾಗಿತ್ತು. ಅವಳಿಗೆ ಹಾಕಲು ತರಿಸಿದ್ದ ರೇಷ್ಮೆಗೂಡಿನ ಹಾರವನ್ನು ಅದರ ಮೇಲೆಯೇ ಇಟ್ಟಿದ್ದರು. ಹಾರ ಈಗ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

“ಬೀಗದ ಕೈ ಯಾರ ಹತ್ತಿರ ಇತ್ತು?”

“ನನ್ ಹತ್ರ ಸಿಸ್ಟರ್,” ಎಂದಳು ಜುವೇರಿಯಾ. ಕನಕಪುರದಲ್ಲಿ ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರ ಮಗಳು, ಹಾಸ್ಟೆಲ್ ಹುಡುಗಿ. ವ್ಯಕ್ತಿತ್ವ ವಿಕಸನ ತರಗತಿಯಲ್ಲಿ ಮೊದಲು ಬಾಯಿಯೇ ಬಿಡದಿದ್ದವಳು ಇಂದು ಶಿವಲಿಂಗಮ್ಮನ ಬಗ್ಗೆ ಭಾಷಣ ಮಾಡಬೇಕಿತ್ತು. “ಪ್ರಾಕ್ಟೀಸ್ ಮಾಡೋಕೆ ಬಂದಿದ್ದೆ. ತಿಂಡಿಗೆ ಹೋಗುವಾಗ ಬೀಗ ಹಾಕೋದು ಮರ್ತೆ.”

“ಮರೆತೆಯೋ, ಹೆದರಿಕೊಂಡು ಕಾರ್ಯಕ್ರಮವೇ ಬೇಡ ಅಂತ ಮಾಡಿದೆಯೋ?”

ಜುವೇರಿಯಾ ಅಳತೊಡಗಿದಳು.

“ಮಧ್ಯಾಹ್ನದೊಳಗೆ ಫೋಟೋ ಬರಬೇಕು. ಇಲ್ಲದಿದ್ದರೆ ಟಿಸಿ ತೆಗೆದುಕೊಂಡು ಹೋಗು.”

*

ಶಿವಲಿಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನೆಲ ನೋಡಿದಳು.

ಕಿಟಕಿಯ ಬೆಳಕಿಗೆ ಧೂಳಿನಲ್ಲಿ ಹೆಜ್ಜೆಗಳು ಕಂಡವು. ಒದ್ದೆ ಕಾಲಿನವು, ಆಗಲೇ ಒಣಗಿದ್ದವು. ಚಪ್ಪಲಿಯ ಗುರುತಿಲ್ಲ. ಅವನ್ನೇ ಹಿಡಿದು ಹೊರಗೆ ಹೋದಳು. ನಲ್ಲಿಯ ಕಟ್ಟೆಯ ಮೇಲೆ ಸೋಪಿನ ನೊರೆ ಇನ್ನೂ ಆರಿರಲಿಲ್ಲ.

“ಸದ್ದಾಗಬಾರದು ಅಂತ ಶೂ ಬಿಚ್ಚಿದ್ದಾಳೆ,” ಎಂದರು ಸಿಸ್ಟರ್.

“ಸರಿ ಸಿಸ್ಟರ್. ಕದಿಯಾಕೆ ಬಂದೋಳ್ಗೆ ಸೋಪಾಕಿ ಕೈಕಾಲು ತೊಳ್ಕೊಳೋ ಪುರುಸೊತ್ತು ಯಾಕೆ?”

ಹೇಳಿದ ಮೇಲೆ ಆ ಮಾತು ಶಿವಲಿಂಗಮ್ಮನನ್ನೇ ಇರಿಯಿತು. ಮೊಳೆಯ ಮೇಲಿನ ಹಾರವನ್ನು ಮತ್ತೆ ನೋಡಿದಳು.

“ಜುವೇರಿಯಾ, ನಿಮ್ಮನೇಲಿ ಗೂಡು ಮುಟ್ಟೋಕ್ ಮುಂಚೆ ಏನ್ ಮಾಡ್ತೀರವ್ವ?”

“ಏನಿಲ್ಲ ಆಂಟಿ. ಮೂಟೆ ಬಿಚ್ಚಿ ನೆಲಕ್ಕೆ ಸುರಿಯೋದು, ಕುದಿಯೋ ನೀರಿಗೆ ಹಾಕೋದು. ನಮ್ಮ ಅಬ್ಬಾ ಚಪ್ಪಲಿ ಹಾಕ್ಕೊಂಡೇ ಇರ್ತಾರೆ.”

ಶಿವಲಿಂಗಮ್ಮ ಕಣ್ಣು ಮುಚ್ಚಿಕೊಂಡಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಎದುರಿಗೆ ಇನ್ನೊಬ್ಬ ತಾಯಿಯ ಮಗಳು ಮೂಗು ಸೀಟುತ್ತ ನಿಂತಿದ್ದಾಳೆ.

“ಈ ಮಗೀನ ಬುಟ್ಬುಡಿ ಸಿಸ್ಟರ್. ತಗೊಂಡೋಳು ನನ್ ಮಗ್ಳು.”

*

ತರಗತಿಯಿಂದ ಕರೆಸಿದ ಸೌಮ್ಯ ಬಾಗಿಲಲ್ಲೇ ಬೆವರಿದಳು.

“ನಮ್ದು ರೇಷ್ಮೆ ಹುಳ ಸಾಕೋ ಮನೆ ಸಿಸ್ಟರ್,” ಶಿವಲಿಂಗಮ್ಮ ನೆಲ ನೋಡುತ್ತಲೇ ಹೇಳಿದಳು. “ಹೊರಗಿನ ಕಾಲಲ್ಲಿ ಹುಳದ್ ಮನೆಗೆ ಹೋದ್ರೆ ರೋಗ ತಗಲಿ ಇಡೀ ಬೆಳೆ ಹೋಯ್ತದೆ. ಚಪ್ಪಲಿ ಹೊರಗೆ ಬುಟ್ಟು, ಸೋಪಾಕಿ ತೊಳ್ದೇ ಮುಟ್ಬೇಕು. ಗೂಡು ಕೆಳಗಿಟ್ರೆ ಇರುವೆ ಮುತ್ತುತ್ತವೆ, ಮ್ಯಾಕೆ ನೇತಾಕ್ಬೇಕು. ಗೂಡು ಕೊಂಡ್ಕೊಳೋ ರೀಲರಿಗೆ ಆ ಚಿಂತೆ ಇಲ್ಲ. ಮೂರು ವರ್ಷದ್ ಮಗೀಗೆ ನಾನೇ ಕಲ್ಸಿದ್ದು. ಕದಿಯುವಾಗ್ಲೂ ಕೈ ಮರೀಲಿಲ್ಲ. ಇವತ್ತು ಅದ್ಯಾಕೋ ನನ್ ಜೊತೆ ಮೊದಲ್ನೇ ಬಸ್ಸಿಗೇ ಹೊರಟ್ಳು.”

ಸಿಸ್ಟರ್ ಸೌಮ್ಯಳ ಬ್ಯಾಗ್ ತೆರೆಸಿದರು. ಫೋಟೋ ದುಪ್ಪಟ್ಟಾದಲ್ಲಿ ಸುತ್ತಿತ್ತು. ಗಾಜು ಬಿರಿಯದಂತೆ ಮೂರು ಸುತ್ತು.

“ಯಾಕಮ್ಮ?”

“ಫ್ರೆಂಡ್ಸಿಗೆ... ಅಮ್ಮ ಟೀಚರ್ ಅಂತ ಹೇಳ್ಬುಟ್ಟಿದ್ದೆ. ಫೋಟೋ ಕೆಳಗೆ ನನ್ ಹೆಸ್ರಿತ್ತು.”

ಕಾಲೇಜಲ್ಲಿ ನನ್ನ ಕೂಗಬೇಡ ಎಂದು ಮಗಳು ಹೇಳಿದ್ದು ಶಿವಲಿಂಗಮ್ಮನಿಗೆ ಈಗ ಅರ್ಥವಾಯಿತು. ಹರೆಯದ ನಾಚಿಕೆ ಎಂದುಕೊಂಡಿದ್ದಳು.

“ಬ್ಯಾಡ ಅಂದಿದ್ರೆ ನಾನೇ ಫೋಟೋ ಬ್ಯಾಡ ಅಂತಿದ್ನಲ್ಲವ್ವ. ನಾನು ಅಡುಗೇವ್ಳು ಅಂತ ನಿಂಗೆ ನಾಚ್ಕೆ ಆದ್ರೆ ಆಗ್ಲಿ. ಆ ಮಗು ಅಳ್ತಾ ಇರೋ ವಿಷ್ಯ ಕಾಲೇಜಿಗೆಲ್ಲ ಗೊತ್ತಾಗಿತ್ತು. ನೀನು ಸುಮ್ಕೆ ಕೂತಿದ್ದೆಯಲ್ಲ, ಅದು ನಂಗೆ ನಾಚ್ಕೆ.”

ಸೌಮ್ಯ ಜುವೇರಿಯಾಳ ಕಡೆ ತಿರುಗಿದಳು. “ತಪ್ಪಾಯ್ತು ಕಣೆ,” ಎಂದಳು. ಸಿಸ್ಟರ್ ಕೂಡ ಜುವೇರಿಯಾಳ ಕೈ ಹಿಡಿದು, “ನಾನೂ ದುಡುಕಿದೆ,” ಎಂದರು.

“ಇವತ್ತು ನಂಗೆ ಸನ್ಮಾನ ಬ್ಯಾಡ ಸಿಸ್ಟರ್,” ಎಂದು ಶಿವಲಿಂಗಮ್ಮ ಅಡುಗೆಮನೆಗೆ ನಡೆದಳು.

*

ಸೇವಾ ದಿನದ ಊಟ ಇಡೀ ಕಾಲೇಜಿಗೆ. ಶಿವಲಿಂಗಮ್ಮ ತಲೆ ಎತ್ತದೆ ಬಡಿಸುತ್ತಿದ್ದಳು. ಒಂದು ತಟ್ಟೆ ಮುಂದೆ ಬಂದು ನಿಂತಿತು.

“ಸೌಮ್ಯನ ಅಮ್ಮಾ, ಒಸಿ ಸಾರು ಹಾಕಿ.”

ಜುವೇರಿಯಾ. ಸಾಲಿಗೆಲ್ಲ ಕೇಳುವಂತೆ ಹೇಳಿದ್ದಳು. ಚುಚ್ಚಿದಳೋ, ಅಕ್ಕರೆಯೋ, ಕೆಂಪಾದ ಆ ಕಣ್ಣುಗಳಲ್ಲಿ ಗೊತ್ತಾಗಲಿಲ್ಲ.

ಅದೇ ಸಾಲಿನಲ್ಲಿ ಹಿಂದೆ ನಿಂತಿದ್ದ ಸೌಮ್ಯಳನ್ನು ಗೆಳತಿಯೊಬ್ಬಳು ತಿವಿದಳು. “ಏನೇ, ನಿಮ್ಮಮ್ಮನಾ? ಟೀಚರ್ ಅಂದಿದ್ದೆ?”

ಶಿವಲಿಂಗಮ್ಮನ ಸೌಟು ನಿಂತಿತು.

“ಸುಳ್ಳು ಹೇಳಿದ್ದೆ,” ಎಂದಳು ಸೌಮ್ಯ. ಮುಖ ಸುಡುತ್ತಿತ್ತು. ಆದರೂ ಸಾಲು ಬಿಟ್ಟು ಹೋಗಲಿಲ್ಲ.