ವಾಲದೆ ದಾಟಿದ ತಿರುವು

೧೯೫೬ರಲ್ಲಿ ಮಾಗಡಿ ರಸ್ತೆಯಲ್ಲಿ ನನ್ನದೊಂದು ಕುಲುಮೆ ಇತ್ತು. ಒಂದು ದಿನ ರಾಜಾಜಿನಗರದ ನೀಲಾಂಬಿಕಮ್ಮ ತಮ್ಮ ಮನೆಯ ಹಳೇ ಕಾರನ್ನು ತಾವೇ ಓಡಿಸಿಕೊಂಡು ಬಂದರು. ವರ್ಷದ ಹಿಂದೆ ಕೆಂಗೇರಿ ಹತ್ತಿರದ ತಿರುವಿನಲ್ಲಿ ಆ ಕಾರು ವಾಲಿ ಮಗುಚಿ ಅವರ ಅಣ್ಣ ತೀರಿಹೋಗಿದ್ದರು.

"ಅಣ್ಣಂಗೆ ಓಡ್ಸಕ್ಕೇ ಬರ್ತಿರ್ಲಿಲ್ಲ ಅಂತಾರೆ ಎಲ್ರೂ. ತಪ್ಪು ಅವನದಲ್ಲ ಆಚಾರ್ರೇ, ಸಡಿಲ ಆಗಿದ್ದ ಸ್ಪ್ರಿಂಗ್ ಪಟ್ಟಿಗಳದ್ದು. ಅದೇ ತಿರುವಲ್ಲಿ ಇದನ್ನ ಜೋರಾಗಿ ಓಡ್ಸಿ ತೋರಿಸ್ಬೇಕು ನಾನು."

ಚಕ್ರಗಳ ಮೇಲೆ ಕಾರಿನ ಭಾರ ಹೊರುವ ಆ ಉಕ್ಕಿನ ಪಟ್ಟಿಗಳನ್ನು ಬಿಚ್ಚಿ, ಕಾಯಿಸಿ ಬಾಗು ಕಡಿಮೆ ಮಾಡಿದೆ. ಗಡಸು ಬರಲೆಂದು ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿ ಬಿಗಿದೆ. ಕಾರು ಮೂರು ಬೆರಳು ತಗ್ಗಿ, ನೆಲ ಕಚ್ಚಿದಂತೆ ನಿಂತಿತು.

ಓಡಿಸಿ ನೋಡಲು ಹೊರಟಾಗ ಮಟಮಟ ಮಧ್ಯಾಹ್ನ. ಆ ಬಿಸಿಲಲ್ಲೂ ಮುಂದಿನ ಎಡಗಡೆಯ ಸೀಟು ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು. ಯಾಕೋ ಮನಸ್ಸಾಗದೆ ಹಿಂದೆ ಕೂತೆ. ನಾಯಂಡಹಳ್ಳಿ ದಾಟಿದ ಮೇಲೆ ಆ ಸೀಟಿನಿಂದ ಗಂಡಸಿನ ಕೆಮ್ಮು ಕೇಳಿಸಿತು. ನೀಲಾಂಬಿಕಮ್ಮ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ತಿರುವು ಬಂತು. ಅವರು ವೇಗ ತಗ್ಗಿಸಲೇ ಇಲ್ಲ. ಕಾರು ಕೂದಲೆಳೆಯಷ್ಟೂ ವಾಲದೆ ಗೆರೆ ಎಳೆದಂತೆ ದಾಟಿತು. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು.

"ಗೆದ್ವಿ ಕಣೋ ಅಣ್ಣಾ!" ಎಂದು ಅವರು ಕೂಗಿದರು. ನನ್ನನ್ನು ಅವರು ಎಂದೂ ಹಾಗೆ ಕರೆದವರಲ್ಲ.

ಆಲದ ನೆರಳಲ್ಲಿ ನಿಲ್ಲಿಸಿ ಇಬ್ಬರೂ ಇಳಿದೆವು. ಅವರು ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ಖಾಲಿ ಕಾರಿನ ಎಡಮಗ್ಗುಲು ನಿಧಾನವಾಗಿ ಎರಡು ಬೆರಳು ತಗ್ಗಿ, ಯಾರೋ ಇಳಿದಂತೆ ಮತ್ತೆ ಮೇಲೆದ್ದಿತು. ನಾನೇ ಹತ್ತಿ ಕುಣಿದರೂ ಅಷ್ಟು ತಗ್ಗುವ ಪಟ್ಟಿಗಳಲ್ಲ ಅವು.