ಎಂಟು ದಿನದ ನೀರು

ಮೊದಲ ದಿನ ನಾನು ಅವನನ್ನು ಸೆಪ್ಟಿಕ್ ಟ್ಯಾಂಕಿನವನೆಂದು ತಿಳಿದೆ. ಹೆಗಲಿಗೆ ಪೈಪಿನ ಸುರುಳಿ, ಕೈಯಲ್ಲಿ ಬಕೆಟ್ಟು. ಮತ್ತೇನೆಂದು ತಿಳಿಯಬೇಕು?

"ಹ್ವಾಯ್, ಹಿಂದಿನ್ ಬದಿಗೆ ಬನ್ನಿ. ಗುಂಡಿ ಅಲ್ಲಿತ್ತ್," ಎಂದೆ.

ಅವನು ಹಿತ್ತಲಿಗೆ ಹೋಗಿ, ಗುಂಡಿಯನ್ನು ಗಂಭೀರವಾಗಿ ನೋಡಿ, ತಿರುಗಿ ಬಂದ. "ಇದ್ರಗೆ ಮೀನ್ ಸಾಕುಕಾತಿಲ್ಲೆ," ಎಂದ. ತುಟಿ ನಗಲಿಲ್ಲ, ಕಣ್ಣು ನಕ್ಕಿತು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ.

ಅವನ ಹೆಸರು ಶ್ರೀಕರ. ಸಾಲಿಗ್ರಾಮದವನು, ಅಪ್ಪ ದೇವಸ್ಥಾನದಲ್ಲಿ ಪೂಜೆ ಮಾಡುವವರು. ಮಗ ಬ್ರಹ್ಮಾವರದಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದ. ಮೀನು ಮಾರಿಯೇ ಬದುಕಿದ ಬೀಜಾಡಿಯ ನಮ್ಮ ಮನೆಗೆ, ಮೀನು ಸಾಕುವುದು ಹೇಗೆಂದು ಹೇಳಿಕೊಡಲು ಅವನನ್ನು ಕರೆಸಿದ್ದು ನನ್ನ ಅಣ್ಣ ಅಶೋಕ.

ಅದು 2011. ಅದಕ್ಕೂ ಎರಡು ವರ್ಷ ಹಿಂದೆ ನನ್ನ ನಿಶ್ಚಿತಾರ್ಥ ಮುರಿದಿತ್ತು. ಮುರಿದವಳು ನಾನೇ. ಮರುದಿನವೇ ಅಣ್ಣ ಕೋಟೇಶ್ವರದ ಕಂಪ್ಯೂಟರ್ ಸೆಂಟರಿನ ನನ್ನ ಕೆಲಸ ಬಿಡಿಸಿದ. "ಜನ್ರ ಬಾಯಿ ಮುಚ್ಲಿ, ಮತ್ತ್ ಕಾಂಬ," ಎಂದ. ಜನರ ಬಾಯಿ ಮುಚ್ಚಲಿಲ್ಲ, ನಮ್ಮ ಗೇಟು ಮುಚ್ಚಿತು. ಮದುವೆಮನೆ ಇಲ್ಲ, ಪೇಟೆ ಇಲ್ಲ, ಕೊನೆಗೆ ಎದುರಿನ ಕಡಲ ದಂಡೆಯೂ ಇಲ್ಲ. ಅಲೆಯ ಸದ್ದು ಕೇಳುತ್ತಿತ್ತು, ಕಾಲು ಒದ್ದೆಯಾಗುತ್ತಿರಲಿಲ್ಲ.

ಆಮೇಲೆ ಅವನೇ ಮುಂಬಯಿಯಿಂದ ನಾಲ್ಕಡಿಯ ಗಾಜಿನ ಟ್ಯಾಂಕು ತಂದ. ಮುನ್ನೂರು ಲೀಟರಿನದು, ಹವಳ ಬೆಳೆಸುವಂಥದ್ದು. "ನಿಂಗೆ ಹೊತ್ ಹೋಪುಕೆ," ಎಂದ. "ದಿನಾ ಕಾಣ್ಕ್ ಇದನ್ನ್. ಬಿಟ್ಟ್ ಎಲ್ಲಿಗೂ ಹೋಪುಕಾತಿಲ್ಲೆ."

ಅಮ್ಮ, ಅಂದರೆ ಸುಂದರಿ, ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ಮೂವತ್ತು ವರ್ಷ ಊರೂರು ನಡೆದವಳು. "ಎದ್ರಿಗೆ ಇಡೀ ಕಡಲಿತ್ತ್. ಅದನ್ನ ಡಬ್ಬಿಯಗೆ ಹಾಕಿ ಒಳ್ಗೆ ಇಡುದ್ ಎಂತಕೆ?" ಎಂದಳು.

ಶ್ರೀಕರ ಮೂರು ಚಿತ್ರಗಳನ್ನು ನೆಲದ ಮೇಲೆ ಹರಡಿ ಕೂತ. ಗಾಜಿನ ಅಂಚಿಗೆ ನೇತುಹಾಕುವ ಸಣ್ಣ ಫಿಲ್ಟರ್ ಈ ಟ್ಯಾಂಕಿಗೆ ಸಾಲದು ಎಂದ. ಎರಡನೆಯದು ಕ್ಯಾನಿಸ್ಟರ್, ಮುಚ್ಚಿದ ಡಬ್ಬಿ. ಕಸವೆಲ್ಲ ಅದರೊಳಗೆ ನಿಲ್ಲುತ್ತದೆ, ಹದಿನೈದು ದಿನಕ್ಕೊಮ್ಮೆ ತೊಳೆಯದಿದ್ದರೆ ಒಳಗೇ ಕೊಳೆಯುತ್ತದೆ, ಹವಳ ಸೊರಗುತ್ತದೆ. ಮೂರನೆಯದು ಸಂಪ್. ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಗಾಜಿನ ತೊಟ್ಟಿ, ಅದರಲ್ಲಿ ಸ್ಕಿಮ್ಮರ್. ಅದು ನೀರಿನಲ್ಲಿ ನೊರೆ ಬರಿಸಿ, ನೊರೆಯ ಜೊತೆ ಹೊಲಸನ್ನು ಮೇಲಿರುವ ಬಟ್ಟಲಿನಂಥ ಕಪ್ಪಿಗೆ ತಳ್ಳುತ್ತದೆ.

"ಮಳಿಗಾಲದಗೆ ದಂಡೆ ಮೇಲೆ ಹಳದಿ ನೊರೆ ಬತ್ತಲ್ದಾ, ಹಂಗೇ," ಎಂದೆ.

ಅವನು ತಲೆಯೆತ್ತಿ ನನ್ನನ್ನೇ ನೋಡಿದ. "ಇಷ್ಟ್ ಬೇಗ ಯಾರಿಗೂ ಅರ್ಥ ಆಯ್ಲಿಲ್ಲೆ."

"ನೀವ್ ಮೀನ್ ತಿಂತ್ರಿಯಾ?"

"ಇಲ್ಲ. ಎಲ್ಲದ್ರ ಹೆಸ್ರ್ ಗೊತ್ತಿತ್ತ್."

"ನಂಗೆ ಎಲ್ಲದ್ರ ರುಚಿ ಗೊತ್ತಿತ್ತ್."

ಈಗ ತುಟಿಯೂ ನಕ್ಕಿತು. ಎರಡು ವರ್ಷದಲ್ಲಿ ನನ್ನ ಮಾತಿಗೆ ನಕ್ಕ ಮೊದಲ ಮನುಷ್ಯ ಅವನು. ಆ ರಾತ್ರಿ ಗಂಜಿ ಊಟ ಕೂಡ ರುಚಿಸಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅಳತೆಗೆಂದು ಎರಡು ಸಲ ಬಂದ. ನಾಲ್ಕಡಿಯ ಗಾಜನ್ನು ಎಷ್ಟು ಸಲ ಅಳೆಯುತ್ತಾನೆ ಈ ಮಾಣಿ ಎಂದು ಅಮ್ಮ ನನ್ನನ್ನು ಕೇಳಿದಳು. ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ, ಕೇಳಿಸದವಳ ಹಾಗೆ ಹೆಚ್ಚುತ್ತಲೇ ಇದ್ದೆ.

ನಾಲ್ಕನೆಯ ಸಲ ಕ್ಯಾನಿಸ್ಟರಿನ ಪೆಟ್ಟಿಗೆ ತಂದ. "ನಿಮ್ಗೆ ಇದೇ ಒಳ್ಳೇದ್," ಎಂದ. ಹೇಳುವಾಗ ಪೆಟ್ಟಿಗೆ ನೋಡುತ್ತಿದ್ದ, ನನ್ನನ್ನಲ್ಲ. ಅದು ನನಗೆ ಸರಿಬರಲಿಲ್ಲ.

"ನಿಮ್ಮ ಅಂಗಡಿಯ ಹವಳದ ಟ್ಯಾಂಕಿಗೆ ಎಂತ ಹಾಕಿದ್ರಿ?"

"ಸಂಪ್."

"ಮತ್ತ್ ನಮ್ಗ್ಯಾಕೆ ಈ ಡಬ್ಬಿ?"

ಅವನು ಪೈಪಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಕಿವಿ ಕೆಂಪಾಗಿತ್ತು. "ಇದಾದ್ರೆ ಹದಿನೈದ್ ದಿನಕ್ಕೊಂದ್ ಸಲ ತೊಳುಕೆ ನಾನ್ ಬರ್ಕ್," ಎಂದ. "ಸಂಪ್ ಹಾಕ್ರೆ ಬಪ್ಪುಕೆ ನೆಪ ಇಲ್ಲೆ."

ಬೇರೆ ಯಾವ ಹುಡುಗಿಯಾದರೂ ನಾಚಿಕೊಳ್ಳುತ್ತಿದ್ದಳೇನೋ. ಎದೆ ಒಂದು ಸಲ ಹಾರಿದ್ದೂ ನಿಜ. ಆದರೆ ಅದರ ಬೆನ್ನಿಗೇ ಸಿಟ್ಟು ಬಂತು.

"ಸಂಪ್ ಹಾಕ್ರೆ ಎಷ್ಟ್ ದಿನ ಮುಟ್ಟುದ್ ಬ್ಯಾಡ?"

"ಸರಿಯಾಗಿ ಕೂರ್ಸಿರೆ, ಎಂಟ್ ದಿನ."

"ಅಂದ್ರೆ ಎಂಟ್ ದಿನ ನಾನ್ ಈ ಮನಿಯಗೆ ಇರ್ಲೇಬೇಕಂದಿಲ್ಲೆ. ಅದ್ ಗೊತ್ತಿದ್ದೂ ಡಬ್ಬಿ ತಂದ್ರಿ. ನನ್ನಣ್ಣ ಬಾಗಿಲ್ ಹಾಕ್ದ. ನೀವ್ ಅಗಳಿ ಹಾಕುಕೆ ಬಂದದ್ದಾ?"

ಶ್ರೀಕರನ ಮುಖ ಬಿಳುಚಿತು. ನಾನು ಮನೆಯಲ್ಲೇ ಇರುವುದು ನನ್ನ ಇಷ್ಟವೆಂದು ಅವನು ತಿಳಿದಿದ್ದನಂತೆ. ಎರಡು ವರ್ಷದ ಕಥೆಯನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದೆ. ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ. ಇನ್ನು ಬರಲಾರ ಎಂದುಕೊಂಡು ಅಂದು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು ಅತ್ತೆ.

ಮೂರನೆಯ ದಿನ ಸಂಪಿನ ಗಾಜು ಹೊತ್ತು ಬಂದ. ದೊಡ್ಡ ಮನೆಗಳಲ್ಲೆಲ್ಲ ಇದೇ ಹಾಕುವುದು ಎಂದು ಅಣ್ಣನಿಗೆ ಹೇಳಿದ್ದ, ಅಣ್ಣ ಹಿಗ್ಗಿ ಒಪ್ಪಿದ್ದ. ಸ್ಕಿಮ್ಮರಿಗೆ ದೊಡ್ಡ ಕಪ್ಪು ಕೂರಿಸಿದ. ಟ್ಯಾಂಕಿನಿಂದ ಆವಿಯಾದಷ್ಟೇ ಸಿಹಿನೀರು ತಾನಾಗಿ ಇಳಿಯುವಂತೆ, ಎಂಟು ದಿನಕ್ಕೆ ಸಾಲುವ ಮೂವತ್ತು ಲೀಟರಿನ ಕ್ಯಾನಿಗೆ ಫ್ಲೋಟ್ ಹಾಕಿದ. ತಿಂಡಿ ಉದುರಿಸಲು ಟೈಮರ್, ಕರೆಂಟು ಹೋದರೆ ಇನ್ವರ್ಟರ್. ಒಂದೊಂದನ್ನೂ ನನ್ನ ಕೈಯಲ್ಲೇ ಬಿಚ್ಚಿಸಿ ಜೋಡಿಸಿದ. ನಟ್ಟು ತಿರುಗಿಸುವಾಗ ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಆ ನಟ್ಟನ್ನೇ ನೋಡುತ್ತಿದ್ದೆವು.

ನೀರು ಹದಕ್ಕೆ ಬರಲು ಐದು ವಾರ ಬೇಕಾಯಿತು. ವಾರಕ್ಕೊಮ್ಮೆ ಬಂದು ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಪರೀಕ್ಷೆ ಮಾಡುತ್ತಿದ್ದ. ಬಣ್ಣ ಹಸಿರಿಂದ ಹಳದಿಗೆ ತಿರುಗಿದರೆ ನೀರು ಸರಿಯಾದಂತೆ, ಅವನು ಬರುವುದು ಮುಗಿದಂತೆ. ಎಂಥ ಪಾಡು ನೋಡಿ. ನನಗೆ ಬಿಡುಗಡೆಯೂ ಬೇಕು, ಆ ಹಸಿರೂ ಬೇಕು.

ಐದನೆಯ ವಾರ ಅಚ್ಚ ಹಳದಿ ಬಂತು.

ಕೇಸರಿ ಪಟ್ಟೆಯ ಎರಡು ಮೀನು ಬಿಟ್ಟು, ಕೈ ಒರೆಸಿಕೊಂಡು ಎದ್ದು ನಿಂತ. "ಇನ್ನ್ ನಾನ್ ಬಪ್ಪುಕೆ ಕಾರಣ ಇಲ್ಲೆ," ಎಂದ. ಚಪ್ಪಲಿ ಮೆಟ್ಟಿದ ಮೇಲೆ ತಿರುಗಿದ. "ನೀವ್ ಬಪ್ಪುಕೆ ಇತ್ತ್."

ನಾಲ್ಕು ದಿನ ಆ ಮಾತನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಗೇಟಿನವರೆಗೆ ಹೋಗುವುದು, ತಿರುಗಿ ಬರುವುದು. ಗೇಟಿಗೆ ಬೀಗವೇನೂ ಇರಲಿಲ್ಲ. ಅಣ್ಣನ ಒಂದೇ ಒಂದು ಮಾತು ಅಲ್ಲಿ ಅಡ್ಡ ನಿಂತಿತ್ತು. ಐದನೆಯ ಬೆಳಿಗ್ಗೆ ಕ್ಯಾನು ತುಂಬಿಸಿದೆ, ಸ್ಕಿಮ್ಮರಿನ ಕಪ್ಪು ತೊಳೆದೆ, ಟೈಮರಿಗೆ ತಿಂಡಿ ಹಾಕಿದೆ. ನೀಲಿ ಚೂಡಿದಾರ ಹಾಕಿಕೊಂಡು ಅಣ್ಣನ ಎದುರು ನಿಂತೆ.

"ಬ್ರಹ್ಮಾವರಕ್ಕೆ ಹೋತೆ."

"ಟ್ಯಾಂಕ್ ಯಾರ್ ಕಾಂತ್ರ್?" ಅವನು ಪೇಪರಿನಿಂದ ಕಣ್ಣು ತೆಗೆಯಲಿಲ್ಲ.

"ಅದ್ ತನ್ನಷ್ಟಕ್ಕೇ ಇರತ್ತ್. ಎಂಟ್ ದಿನ."

ಪೇಪರು ಕೆಳಗಿಳಿಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅಮ್ಮ ಬಂದಳು.

"ಅಶೋಕ, ನಾನ್ ಬುಟ್ಟಿ ಹೊತ್ಕಂಡ್ ಊರೆಲ್ಲ ತಿರ್ಗಿ ನಿಮ್ಮನ್ನ ಸಾಕಿದೆ. ಆಗ ಯಾರ್ ಬಾಯಿಗೂ ನಾನ್ ಹೆದ್ರಲಿಲ್ಲ," ಎಂದಳು. ಮತ್ತೆ ನನ್ನ ಕಡೆ ತಿರುಗಿ, "ಹೋಗ್ ಹೆಣ್ಣೆ. ಬಸ್ ತಪ್ಪತ್ತ್," ಎಂದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಕೋಟ ದಾಟಿತು, ಸಾಲಿಗ್ರಾಮ ದಾಟಿತು. ಟಿಕೆಟು ಬೆವರಿಗೆ ಒದ್ದೆಯಾಗಿತ್ತು.

ಅಂಗಡಿಯಲ್ಲಿ ಶ್ರೀಕರ ಒಂದು ಕ್ಯಾನಿಸ್ಟರ್ ತೊಳೆಯುತ್ತಿದ್ದ.

"ಅದ್ ಯಾವ ಹುಡ್ಗಿ ಮನೀದ್?" ಎಂದೆ.

ಅವನ ಕೈಯಿಂದ ಬ್ರಶ್ಶು ಜಾರಿತು. "ಎಪ್ಪತ್ ವರ್ಷದ ಡಾಕ್ಟ್ರದ್ದ್," ಎಂದ. ನನ್ನನ್ನೇ ನೋಡುತ್ತಾ ನಿಂತ, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ನೀವ್ ಬತ್ತ್ರಿ ಅಂದೇಳಿ ನಾಕ್ ದಿನ ಮಧ್ಯಾಹ್ನ ಊಟಕ್ಕೂ ಅಂಗಡಿ ಮುಚ್ಲಿಲ್ಲ."

"ಅಣ್ಣ ಹುಡ್ಕಂಡ್ ಬಪ್ಪ."

"ಬರ್ಲಿ. ನಾನ್ ಅಪ್ಪಯ್ಯನತ್ರ ಹೇಳಿ ಆಯ್ತ್. ಮೂರ್ ದಿನ ಮಾತಾಡ್ಲಿಲ್ಲ. ನಿನ್ನೆ ಊಟಕ್ಕೆ ಕೂಕಂಡ್ ಕೇಂಡ್ರ್, ಅವ್ಳ ಹೆಸ್ರೆಂತ ಅಂದೇಳಿ."

"ಎಂತ ಹೇಳಿದ್ರಿ?"

"ಹರಿಣಾಕ್ಷಿ." ಮೊದಲ ಸಲ ಅವನ ಬಾಯಲ್ಲಿ ನನ್ನ ಹೆಸರು ಕೇಳಿದೆ. ಅದು ನನ್ನದೇ ಹೆಸರೆಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಹೊರಗೆ ನಮ್ಮೂರ ಕಡೆ ಹೋಗುವ ಕುಂದಾಪುರದ ಬಸ್ಸು ಹಾರ್ನ್ ಹೊಡೆಯಿತು. ಅವನು ಗಡಿಯಾರ ನೋಡಿ, ಭಯಪಟ್ಟವನಂತೆ ಕೇಳಿದ, "ಎಷ್ಟೊತ್ತಿಗೆ ತಿರ್ಗಿ ಹೋಯ್ಕ್?"

ನಾನು ಸ್ಟೂಲು ಎಳೆದುಕೊಂಡು ಕೂತೆ.

"ಕ್ಯಾನ್ ತುಂಬ್ಸಿಯೇ ಬಂದದ್ದ್," ಎಂದೆ.